ಒಂದು ಕನ್ನಡ ಪದಕ್ಕೆ ಎಷ್ಟು ಟೋಕನ್?

ಎಐ ಸ್ಟಾರ್ಟಪ್ ಕಟ್ಟಲು ಹೊರಟವರು ಹೂಡಿಕೆದಾರರ ಮುಂದೆ ಇಡುವ ಸ್ಲೈಡುಗಳಲ್ಲಿ ಎಲ್ಲವೂ ಇರುತ್ತದೆ. ಮಾರುಕಟ್ಟೆ ಎಷ್ಟು ದೊಡ್ಡದು, ಎದುರಾಳಿಗಳು ಯಾರು, ಮೂರು ವರ್ಷಕ್ಕೆ ಆದಾಯ ಎಷ್ಟು. ತಮ್ಮ ಗ್ರಾಹಕ ಆಡುವ ಒಂದು ಕನ್ನಡ ವಾಕ್ಯ ಎಷ್ಟು ಟೋಕನ್ ಆಗುತ್ತದೆ ಎಂಬ ಲೆಕ್ಕ ಮಾತ್ರ ಇರುವುದು ಅಪರೂಪ. ಎಐ ಸರ್ವಜ್ಞ, ಅದಕ್ಕೆ ಎಲ್ಲ ಭಾಷೆಯೂ ಒಂದೇ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.  

ಎಐ ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾಡೆಲ್‌ಗೆ ಅಕ್ಷರವೂ ಕಾಣುವುದಿಲ್ಲ, ಪದವೂ ಕಾಣುವುದಿಲ್ಲ. ಕಾಣುವುದು ಟೋಕನ್ ಎಂಬ ತುಣುಕುಗಳ ಕ್ರಮಸಂಖ್ಯೆ ಮಾತ್ರ. ಬೇರೆಯವರ ಮಾಡೆಲನ್ನು ನಮ್ಮ ಆ್ಯಪ್‌ಗೆ ಜೋಡಿಸುವ ದಾರಿಯಾದ ಎಪಿಐ ಬಳಸಿದರೆ ಬಿಲ್ ಬರುವುದೂ ತುಣುಕಿನ ಲೆಕ್ಕದಲ್ಲೇ.

ಕನ್ನಡ ಇಲ್ಲಿ ಏಕೆ ಹಿಂದೆ ಬೀಳುತ್ತದೆ ಎಂಬ ಕತೆ 1992ಕ್ಕೆ ಹೋಗುತ್ತದೆ. ಆ ವರ್ಷ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟಕ್ಕೆ ಕೂತು, ತಟ್ಟೆಯಡಿ ಹಾಸುವ ಕಾಗದದ ಮೇಲೆ, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಖ್ಯೆಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಸಂಕೇತ ಪದ್ಧತಿಯನ್ನು ಗೀಚಿದರು. ಹಳೆಯ ಇಂಗ್ಲಿಷ್ ಫೈಲುಗಳು ಕೆಡಬಾರದು ಎಂಬುದು ಅವರ ಷರತ್ತಾಗಿತ್ತು, ಅದು ನ್ಯಾಯವೂ ಹೌದು. ಹಾಗಾಗಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ (ಅಂದರೆ 0ರಿಂದ 255ರೊಳಗಿನ ಒಂದು ಸಂಖ್ಯೆ), ಕನ್ನಡದ ಪ್ರತಿ ಚಿಹ್ನೆಗೆ ಮೂರು. ‘ಕ’ ಎಂದರೆ 224, 178, 149. ‘ನ’ ಎಂದರೆ 224, 178, 168. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಅಂದರೆ ಮೂರರಲ್ಲಿ ಎರಡು ಬೈಟ್ ಬಹುಮಟ್ಟಿಗೆ ‘ಇದು ಕನ್ನಡ, ಇದು ಕನ್ನಡ’ ಎಂದು ಕೂಗುವುದಕ್ಕೇ ಮುಗಿಯಿತು! ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತ, ಮತ್ತೊಂದು ನ, ಡ ಎಂದು ಐದು ಚಿಹ್ನೆ, ಒಟ್ಟು 15 ಬೈಟ್.

ಬೈಟುಗಳನ್ನು ಹಾಗೇ ತಿನ್ನಿಸಿದರೆ ಮಾಡೆಲ್ ತೆವಳುತ್ತದೆ. ಅದಕ್ಕೆ ಪರಿಹಾರವಾಗಿ ಬಂದದ್ದು, 1994ರಲ್ಲಿ ಫಿಲಿಪ್ ಗೇಜ್ ಫೈಲುಗಳ ಗಾತ್ರ ಕುಗ್ಗಿಸಲು ಬರೆದಿದ್ದ ಒಂದು ಸಣ್ಣ ಉಪಾಯ. ರಾಶಿ ಪಠ್ಯದಲ್ಲಿ ಯಾವ ಎರಡು ತುಣುಕು ಅಕ್ಕಪಕ್ಕ ಅತಿ ಹೆಚ್ಚು ಸಲ ಬರುತ್ತವೆ ನೋಡು, ಆ ಜೋಡಿಯನ್ನು ಒಂದೇ ಮಾಡು, ಮತ್ತೆ ಮೊದಲಿಂದ ಎಣಿಸು. ಹಳೆಯ ಅಚ್ಚುಕೂಟದಲ್ಲಿ ಪದೇ ಪದೇ ಬೇಕಾಗುವ ಕೂಡಕ್ಷರಕ್ಕೆ ಬೇರೆಯದೇ ಮೊಳೆ ಎರಕ ಹೊಯ್ದಿಟ್ಟುಕೊಂಡ ಹಾಗೆ. ಮನೆಯಲ್ಲಿ, ಊರಿನಲ್ಲಿ, ಶಾಲೆಯಲ್ಲಿ ಎಂಬವು ಸಾವಿರಾರು ಸಲ ಬಂದರೆ ‘ಲ್ಲಿ’ ಒಂದು ತುಣುಕಾಗುತ್ತದೆ, ಆಮೇಲೆ ‘ಯಲ್ಲಿ’ಯೂ ಆದೀತು. ಆದರೆ ರಾಶಿಯಲ್ಲಿ ಇಂಗ್ಲಿಷೇ ತುಂಬಿದ್ದರೆ, ಹೀಗೆ ತಯಾರಾಗುವ ತುಣುಕುಗಳ ಪಟ್ಟಿಯ ಜಾಗವೆಲ್ಲ ಅದರ ಪಾಲು. ಕನ್ನಡ ಪದ ಕೆಟ್ಟ ಪಕ್ಷ ಬೈಟಿಗೊಂದರಂತೆ ಚೂರಾಗುತ್ತದೆ, ಅದೂ ಅಕ್ಷರದ ನಟ್ಟನಡುವೆ.

ಬಿಲ್ ಹೆಚ್ಚುವುದು ಒಂದು ತೊಂದರೆ. ನನಗೆ ಇನ್ನೂ ದೊಡ್ಡದಾಗಿ ಕಾಣುವುದು ನಿಧಾನ. 200 ಕೋಟಿ ಪ್ಯಾರಾಮೀಟರಿನ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಮಾಡೆಲ್, ಒಂದಕ್ಕೆ ಎರಡು ಬೈಟ್‌ನಂತೆ, 4 ಜಿಬಿ. ಪ್ರತಿ ತುಣುಕು ಹೊರಡಿಸುವಾಗಲೂ ಆ 4 ಜಿಬಿಯನ್ನು ಮೆಮೊರಿಯಿಂದ ಪೂರ್ತಿ ಓದಬೇಕು. ಹತ್ತು ಜನರ ಪ್ರಶ್ನೆಗಳನ್ನು ಒಟ್ಟಿಗೆ ನಡೆಸಿದರೆ ಓದಿನ ಖರ್ಚು ಹಂಚಿಹೋಗುತ್ತದೆ, ನಿಜ. ಆದರೆ ಫೋನ್ ಕಿವಿಗಿಟ್ಟು ಉತ್ತರಕ್ಕೆ ಕಾಯುವ ರೈತನ ಕಾಯುವಿಕೆ ಅದರಿಂದ ಕಡಿಮೆಯಾಗುವುದಿಲ್ಲ. ಒಂದೇ ಉತ್ತರಕ್ಕೆ ಮೂರು ಪಟ್ಟು ತುಣುಕು ಬೇಕಾದರೆ ಹೆಚ್ಚುಕಡಿಮೆ ಮೂರು ಪಟ್ಟು ಹೊತ್ತು.

2023ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ವಂ ಎಐ ಕೈಹಾಕಿದ್ದು ಈ ಬೇರಿಗೇ. 2024ರ ಅಕ್ಟೋಬರಿನಲ್ಲಿ ಅವರು ಬಿಟ್ಟ ಸರ್ವಂ-1 ಮಾಡೆಲ್‌ನಲ್ಲೂ ಪ್ಯಾರಾಮೀಟರ್ ಇದ್ದದ್ದು 200 ಕೋಟಿಯೇ. ಅದರಲ್ಲಿ ಹತ್ತು ಭಾರತೀಯ ಭಾಷೆಗಳ ಪದವೊಂದಕ್ಕೆ ಸರಾಸರಿ 1.4ರಿಂದ 2.1 ಟೋಕನ್ ಸಾಕು, ಇತರ ಬಹುಭಾಷಾ ಮಾಡೆಲ್‌ಗಳಿಗೆ 4ರಿಂದ 8 ಬೇಕು ಎಂಬುದು ಕಂಪನಿ ಕೊಟ್ಟ ಲೆಕ್ಕ. ದೊಡ್ಡವರೂ ಸುಮ್ಮನೆ ಕೂತಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಪಟ್ಟಿಯನ್ನು ಸುಮಾರು ಒಂದು ಲಕ್ಷ ತುಣುಕಿನಿಂದ ಎರಡು ಲಕ್ಷಕ್ಕೆ ಏರಿಸಿತು. ಅವರೇ ಕೊಟ್ಟ ಉದಾಹರಣೆ ವಾಕ್ಯದಲ್ಲಿ ತೆಲುಗಿನ ಟೋಕನ್ 3.5 ಪಟ್ಟು ಇಳಿದಿತ್ತು.

ಹಾಗಾದರೆ ಪಟ್ಟಿಯನ್ನು ಹಿಗ್ಗಿಸುತ್ತಲೇ ಹೋಗಬಹುದಲ್ಲ? ಅದಕ್ಕೂ ಸುಂಕ ಕಟ್ಟಬೇಕು. ಪ್ರತಿ ತುಣುಕಿಗೂ ಮಾಡೆಲ್ ಒಂದು ಸಾಲು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ಸಾಲಿಗೆ 4,096 ಸಂಖ್ಯೆ ಎಂದುಕೊಂಡರೆ ಎರಡು ಲಕ್ಷ ತುಣುಕಿಗೆ ಸುಮಾರು 82 ಕೋಟಿ ಪ್ಯಾರಾಮೀಟರ್. 200 ಕೋಟಿಯ ಸಣ್ಣ ಮಾಡೆಲ್ ಆದರೆ ಐದರಲ್ಲಿ ಎರಡು ಪಾಲನ್ನು ಪಟ್ಟಿಯೇ ನುಂಗಿಬಿಟ್ಟೀತು. ಜತೆಗೆ ಬೇರೆಯವರ ಮಾಡೆಲ್ ತಂದು ಅದರ ಪಟ್ಟಿಗೆ ಹೊಸ ತುಣುಕು ಸೇರಿಸಿದರೆ, ಆ ತುಣುಕುಗಳ ಅರ್ಥವನ್ನು ಅದಕ್ಕೆ ಹೊಸದಾಗಿ ಕಲಿಸಬೇಕು.

ಆದ್ದರಿಂದ ಕನ್ನಡಕ್ಕೆಂದು ಎಐ ಕಂಪನಿ ಕಟ್ಟುವವರು ಮೊದಲು ಪಠ್ಯವನ್ನು ತುಣುಕು ಮಾಡುವ ಟೋಕನೈಸರ್‌ಗೆ ಹಾಕಿ ನೋಡಬೇಕಾದ್ದು ಪತ್ರಿಕೆಯ ಸಂಪಾದಕೀಯವನ್ನಲ್ಲ, ಗ್ರಾಹಕರು ನಿಜವಾಗಿ ಟೈಪ್ ಮಾಡಿದ ಮಾತುಗಳನ್ನು. ಪಟ್ಟಿ ತಯಾರಾಗುವುದು ಹೆಚ್ಚಾಗಿ ಬರಹದ ಕನ್ನಡದಿಂದ. ‘ಹೋಗುತ್ತಿದ್ದಾನೆ’ ಅಲ್ಲಿ ಎರಡು ಮೂರು ತುಣುಕಿಗೆ ಮುಗಿಯಬಹುದು. ಅದಕ್ಕಿಂತ ಗಿಡ್ಡವಾದ ‘ಹೋಯ್ತಾವ್ನೆ’, ‘ಹೊಂಟಾನ’ ಅದಕ್ಕಿಂತ ಹೆಚ್ಚು ಚೂರಾಗುವ ಸಾಧ್ಯತೆಯಿದೆ.