ಮನಸ್ಸಿಗೆ ಬುದ್ಧಿ ಹೇಳುವ ಮೊದಲು ಜ್ಯೇಷ್ಠತಾ ಪಟ್ಟಿ ನೋಡಿ

ದಾವಣಗೆರೆಯಲ್ಲಿ ಆಪ್ತಸಮಾಲೋಚಕಿಯಾಗಿ ಕುಳಿತವಳಿಗೆ ಕೆಲವರ ಮುಖ ನೋಡಿದರೇ ತಿಳಿಯುತ್ತದೆ: ಬಡ್ತಿಯ ಆದೇಶ ಈ ಸಲವೂ ಬರಲಿಲ್ಲ. ಅವರು ಕೇಳುವುದು ಒಂದೇ, ಪಾಸಿಟಿವ್ ಆಗಿರುವುದು ಹೇಗೆ? ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ನಾನು ಗೆದ್ದೇ ಗೆಲ್ಲುತ್ತೇನೆ" ಎಂದು ಹೇಳಿಕೊಳ್ಳಬೇಕೆಂದು ಯಾವುದೋ ವಿಡಿಯೊದಲ್ಲಿ ನೋಡಿರುತ್ತಾರೆ. ನಾನು ಕೇಳುವುದೂ ಒಂದೇ. ನಿಮ್ಮ ಮೇಲಿನ ಹುದ್ದೆಗಳು ಎಷ್ಟಿವೆ, ಅಲ್ಲಿರುವವರು ಯಾವಾಗ ನಿವೃತ್ತರಾಗುತ್ತಾರೆ? ಊರವರ ಸೇವಾ ವಿವರಗಳನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡವರಿಗೂ ಇದೊಂದು ಗೊತ್ತಿರುವುದಿಲ್ಲ. ಸಿಟ್ಟು ಬರುತ್ತದೆ, ಏನು ಮಾಡಲಿ.

ಖಾಲಿ ಇಲ್ಲದ ಹುದ್ದೆಗೂ ನಿಮ್ಮ ಯೋಗ್ಯತೆಗೂ ಸಂಬಂಧವಿಲ್ಲ. ಹೂಂ ಎನ್ನುತ್ತಾರೆ, ಮನೆಗೆ ಹೋಗಿ ಮತ್ತೆ ಕೊರಗುತ್ತಾರೆ. ಹಾಗಾಗಿ ಬಿಡಿಸಿ ಹೇಳುತ್ತೇನೆ. ಒಂದು ಕಚೇರಿಯಲ್ಲಿ ಹತ್ತು ಪ್ರಥಮ ದರ್ಜೆ ಸಹಾಯಕರು, ಅವರ ಮೇಲೆ ಎರಡೇ ಅಧೀಕ್ಷಕ ಹುದ್ದೆಗಳು ಎಂದುಕೊಳ್ಳಿ. ಆ ಕುರ್ಚಿಗಳಲ್ಲಿ ಇರುವವರಿಗೆ 52 ಮತ್ತು 54 ವರ್ಷ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ. ಅವರಿಗೇ ಬಡ್ತಿ ಸಿಗದಿದ್ದರೆ, ಹೊಸ ಹುದ್ದೆ ಮಂಜೂರಾಗದಿದ್ದರೆ, ಆರು ವರ್ಷ ಯಾರಿಗೂ ಜಾಗವಿಲ್ಲ. ಆ ಹತ್ತೂ ಮಂದಿ ಸರ್ ಎಂ. ವಿಶ್ವೇಶ್ವರಯ್ಯನವರೇ ಆಗಿದ್ದರೂ ಜಾಗವಿಲ್ಲ! ಮೀಸಲಾತಿಯ ಸರದಿ ಹೇಳುವ ರೋಸ್ಟರ್, ವೃಂದ ಮತ್ತು ನೇಮಕಾತಿ ನಿಯಮ ಈ ಲೆಕ್ಕವನ್ನು ಅಷ್ಟಿಷ್ಟು ಬದಲಿಸಬಹುದು. ಅದನ್ನು ನನ್ನ ಬಳಿಯಲ್ಲ, ಸಿಬ್ಬಂದಿ ಶಾಖೆಯಲ್ಲಿ ಕೇಳಿ.

ಇದು ನಾನು ಸಮಾಧಾನಕ್ಕೆ ಹೇಳುವ ಮಾತೂ ಅಲ್ಲ. ಒಂದೇ ಹುದ್ದೆಯಲ್ಲಿ ವರ್ಷಗಟ್ಟಲೆ ನಿಲ್ಲುವವರು ಇದ್ದೇ ಇರುತ್ತಾರೆಂದು ಸರ್ಕಾರವೇ ಒಪ್ಪಿಕೊಂಡಿದೆ. ಅದಕ್ಕೇ 1983ರ ನಿಯಮದಲ್ಲಿ ಹತ್ತು ವರ್ಷಕ್ಕೆ ಕಾಲಬದ್ಧ ಮುಂಬಡ್ತಿ, 1991ರ ನಿಯಮದಲ್ಲಿ ಹದಿನೈದಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ ಬಂದದ್ದು. ಹುದ್ದೆ ಅದೇ, ವೇತನ ಶ್ರೇಣಿ ಮಾತ್ರ ಮೇಲಿನದು. ಮದುವೆ ಮನೆಯಲ್ಲಿ "ಇನ್ನೂ ಅದೇ ಸೀಟಿನಲ್ಲಿಯೇ?" ಎಂದು ಕೇಳುವ ಬೀಗರಿಗೆ ಇದನ್ನು ವಿವರಿಸಲು ಹೋಗಬೇಡಿ, ಅವರಿಗೆ ಔಷಧವಿಲ್ಲ.

ಜಗಳೂರು ಕಡೆಯ ಕಚೇರಿಯೊಂದರ ಮಹಿಳೆ ನನ್ನೆದುರೇ ಚೀಟಿಯ ಹಿಂಬದಿಯಲ್ಲಿ ಈ ಲೆಕ್ಕ ಹಾಕಿದರು. ಎಂಟು ವರ್ಷ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ವರ್ಷ ಹೊತ್ತ ಹರಕೆ ದಂಡವಾಯಿತು" ಎಂದು ನಕ್ಕರು. ಆಮೇಲೆ ಅವರು ಹಿಡಿದದ್ದು ಪಿಂಚಣಿ ಕಡತಗಳನ್ನು. ನಿವೃತ್ತಿ ಹತ್ತಿರವಾದವರ ಸೇವಾ ಪುಸ್ತಕ ತೆಗೆದು, ಗಳಿಕೆ ರಜೆಯ ಲೆಕ್ಕವನ್ನು ಸಾಲುಸಾಲಾಗಿ ನೋಡಿ, ಸಹಿ ಬಿಟ್ಟುಹೋದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಈಗ ಬೇರೆ ಇಲಾಖೆಯವರೂ ಅವರನ್ನೇ ಹುಡುಕಿಕೊಂಡು ಬರುತ್ತಾರಂತೆ. ಹುದ್ದೆಯ ಹೆಸರು ಬದಲಾಗಿಲ್ಲ. ಬೇಸರವೂ ಪೂರ್ತಿ ಹೋಗಿಲ್ಲ. ಹೋಯಿತೆಂದು ನಾನು ಬರೆದರೆ ಅವರೇ ಬಂದು ಜಗಳವಾಡಿಯಾರು.

ಖಾಸಗಿಯವರ ಕಥೆ ಬೇರೆ. ಜವಳಿ ಅಂಗಡಿಯ ಲೆಕ್ಕಿಗನಿಗೆ ಮುಂದಿನ ಮ್ಯಾನೇಜರ್ ಮಾಲೀಕರ ಮಗನೇ ಎಂಬುದು ಮೊದಲ ದಿನವೇ ಗೊತ್ತಿರುತ್ತದೆ. ಅಲ್ಲಿ ಸಂಬಳದ ಮಾತಾಡಬೇಕು, ಇಲ್ಲವೇ ಬೇರೆ ಅಂಗಡಿ ನೋಡಬೇಕು.

ಎಲ್ಲವನ್ನೂ ನುಂಗಿಕೊಂಡು ನಗುತ್ತಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಿರಿಯರು ನಿಮ್ಮನ್ನು ದಾಟಿ ಹೋಗಿದ್ದರೆ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಪ್ರಕಟವಾದಾಗಲೇ, ಕೊಟ್ಟ ಗಡುವಿನೊಳಗೆ, ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಇಲಾಖಾ ಪರೀಕ್ಷೆಯ 'ಅಕೌಂಟ್ಸ್ ಹೈಯರ್' ಎಂಬ ಲೆಕ್ಕಪತ್ರದ ವಿಷಯವನ್ನು ಬಾಕಿ ಇಟ್ಟುಕೊಂಡು ಹಣೆಬರಹ ಹಳಿಯುವವರಿಗಂತೂ ನನ್ನಲ್ಲಿ ಮರುಕವಿಲ್ಲ. ಮೊದಲು ಅರ್ಜಿ ಹಾಕಿ.

ಎರಡು ವಾರಕ್ಕೂ ಹೆಚ್ಚು ನಿದ್ದೆ ಕೆಟ್ಟು, ಊಟ ಸೇರದೆ, ಬದುಕೇ ಬೇಡವೆನಿಸುತ್ತಿದ್ದರೆ ಮಾತ್ರ ಈ ಲೆಕ್ಕಾಚಾರ ಪಕ್ಕಕ್ಕಿಡಿ. ಅದು ಬಡ್ತಿಯ ವಿಷಯವಾಗಿ ಉಳಿದಿರುವುದಿಲ್ಲ. ತಡಮಾಡದೆ ಮನೋವೈದ್ಯರನ್ನು ಕಾಣಿ; ಅಪರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.