ಅಕ್ಕಿ ಡಬ್ಬಿಗೆ ಕೈ ಹಾಕುವ ಹುಡುಗಿಯರು

ಹೈಸ್ಕೂಲಿಗೆ ಹೋಗುವಾಗ ನನಗೊಂದು ಚಟ ಇತ್ತು. ಅಡುಗೆಮನೆಗೆ ಹೋದಾಗಲೆಲ್ಲ ಬೆಳ್ತಿಗೆ ಅಕ್ಕಿ ಡಬ್ಬಿಗೆ ಕೈ ಹಾಕಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. "ಹಸಿ ಅಕ್ಕಿ ತಿನ್ಬೇಡ ಮಾರಾಯ್ತಿ, ಮದುವೆ ದಿನ ಮಳೆ ಬರ್ತದೆ" ಅಂತ ಅಜ್ಜಿ ಗದರುತ್ತಿದ್ದರು. ಗದರಿದರೂ ಬಿಡಲು ಆಗುತ್ತಿರಲಿಲ್ಲ. ಅದು ತಿನ್ನುವ ಆಸೆ ಮಾತ್ರ ಆಗಿರಲಿಲ್ಲ. ನನ್ನ ಮೈಯಲ್ಲಿ ಕಬ್ಬಿಣದ ಅಂಶ ಖಾಲಿಯಾಗುತ್ತಿತ್ತು.

ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು, ಐಸ್ ಇಂಥವನ್ನು ತಿನ್ನಬೇಕು ಅನ್ನಿಸುವುದಕ್ಕೆ ವೈದ್ಯರು 'ಪೈಕಾ' ಅನ್ನುತ್ತಾರೆ. ಅಕ್ಕಿ ತಿನ್ನುವವರಿಗೆಲ್ಲ ರಕ್ತಹೀನತೆ ಇದೆ ಅಂತಲ್ಲ. ಆದರೆ ಕಬ್ಬಿಣದ ಕೊರತೆ ಇದ್ದವರಲ್ಲಿ ಈ ಆಸೆ ಜಾಸ್ತಿ ಕಾಣುತ್ತದೆ. ಕೊರತೆ ತುಂಬಿದ ಮೇಲೆ ಎಷ್ಟೋ ಜನರಲ್ಲಿ ಅದು ತಾನಾಗಿಯೇ ಹೋಗುತ್ತದೆ. ನನಗೆ ಇದು ಗೊತ್ತಾದದ್ದು ಪಿಯುಸಿಯಲ್ಲಿ. ಬಿ.ಸಿ. ರೋಡಿನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬರುವ ಬಸ್ಸಿನಲ್ಲಿ ನಿಂತಲ್ಲೇ ಕಣ್ಣು ಕತ್ತಲೆ ಬಂದು ಕುಸಿದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಚಿಲ್ಲರೆ ಇತ್ತು. ಆ ವಯಸ್ಸಿಗೆ ಅದು 12 ಗ್ರಾಂ ಆದರೂ ಇರಬೇಕು.

"ಸರಿಯಾಗಿ ಊಟ ಮಾಡುವುದಿಲ್ಲ" ಅಂತ ಎಲ್ಲರೂ ಹೇಳಿದರು. ನಾನು ಚೆನ್ನಾಗಿಯೇ ಊಟ ಮಾಡುತ್ತಿದ್ದೆ. ನಿನಗೆ ತಿಂಗಳಿಗೆ ಎಷ್ಟು ರಕ್ತ ಹೋಗುತ್ತದೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಈ ಲೆಕ್ಕ ಸುಲಭ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸಾಮಾನ್ಯ ಮುಟ್ಟಿನಲ್ಲಿ ಹೋಗುವುದು 30ರಿಂದ 40 ಮಿಲಿಲೀಟರ್ ರಕ್ತ, ಅಂದರೆ ಏಳೆಂಟು ಟೀ ಚಮಚ. ಜೊತೆಗೆ ಸುಮಾರು 20 ಮಿಲಿಗ್ರಾಂ ಕಬ್ಬಿಣವೂ ಹೋಗುತ್ತದೆ. ರಕ್ತಸ್ರಾವ 80 ಮಿಲಿಲೀಟರ್ ದಾಟಿದರೆ ಅದನ್ನು ಅತಿಸ್ರಾವ ಅನ್ನುತ್ತಾರೆ. ಆಗ ತಿಂಗಳಿಗೆ 40 ಮಿಲಿಗ್ರಾಂ ಕಬ್ಬಿಣ ಹೋಯಿತು. ಇನ್ನು ಬರುವುದು ಎಷ್ಟು? ನಾವು ಏನೇ ತಿಂದರೂ ಕರುಳು ದಿನಕ್ಕೆ ಹೀರಿಕೊಳ್ಳುವುದು ಸಾಮಾನ್ಯವಾಗಿ 1ರಿಂದ 2 ಮಿಲಿಗ್ರಾಂ ಅಷ್ಟೆ. ಮುಟ್ಟು ಇಲ್ಲದವರ ದೇಹಕ್ಕೂ ದಿನಕ್ಕೆ ಹತ್ತಿರಹತ್ತಿರ 1 ಮಿಲಿಗ್ರಾಂ ಬೇಕು. ಬೆಳೆಯುವ ಹುಡುಗಿಗೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಅತಿಸ್ರಾವ ಇರುವ ಹುಡುಗಿ ತಟ್ಟೆ ತುಂಬ ಊಟ ಮಾಡಿದರೂ ಪ್ರತಿ ತಿಂಗಳು ಸಾಲದಲ್ಲೇ ಇರುತ್ತಾಳೆ. ಸುಮ್ನೆ "ಸೊಪ್ಪು ತಿನ್ನು" ಅಂದರೆ ಆ ಸಾಲ ತೀರುವುದಿಲ್ಲ.

ರಕ್ತವನ್ನು ಯಾರೂ ಅಳೆದು ನೋಡುವುದಿಲ್ಲ, ನಿಜ. ಆದರೆ ಬೇರೆ ಗುರುತುಗಳಿವೆ. ಒಂದೆರಡು ಗಂಟೆಗೆ ಪ್ಯಾಡ್ ಪೂರ್ತಿ ನೆನೆಯುವುದು, ಅದನ್ನು ಬದಲಾಯಿಸಲೆಂದೇ ರಾತ್ರಿ ಏಳುವುದು, 10 ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುವುದು, 7 ದಿನ ದಾಟಿದರೂ ನಿಲ್ಲದೆ ಇರುವುದು. ಇವುಗಳಲ್ಲಿ ಒಂದು ಇದ್ದರೂ ವೈದ್ಯರ ಹತ್ತಿರ ಹೋಗಬೇಕು.

ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಹಜ. ಆಗ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲ. ಅಂಡ ಬಿಡುಗಡೆ ಆಗದಿದ್ದರೆ ಪ್ರೊಜೆಸ್ಟರೋನ್ ಅನ್ನುವ ಹಾರ್ಮೋನು ಬೇಕಾದಷ್ಟು ತಯಾರಾಗುವುದಿಲ್ಲ. ಗರ್ಭಕೋಶದ ಒಳಪದರ ಈಸ್ಟ್ರೋಜನ್ ಒಂದರಿಂದಲೇ ದಪ್ಪಗಾಗುತ್ತಾ ಹೋಗಿ, ಒಂದು ದಿನ ಬೇಕಾಬಿಟ್ಟಿ ಕಳಚುತ್ತದೆ. ಹೆಚ್ಚಿನವರಿಗೆ ಇದು ವರ್ಷ ಕಳೆದ ಹಾಗೆ ಸರಿಯಾಗುತ್ತದೆ. ಆದರೆ "ಸರಿಯಾಗ್ತದೆ" ಅಂತ ಕಾಯುವಷ್ಟು ದಿನ ರಕ್ತ ಹೋಗುತ್ತಲೇ ಇರುತ್ತದೆ ಅಲ್ವಾ? ಅದನ್ನು ಕಡಿಮೆ ಮಾಡುವ ಮಾತ್ರೆಗಳಿವೆ. ಟ್ರಾನೆಕ್ಸಾಮಿಕ್ ಆಸಿಡ್ ಅಂಥದ್ದೊಂದು. ಅದು ಹೆಪ್ಪುಗಟ್ಟಿದ ರಕ್ತ ಬೇಗ ಕರಗದಂತೆ ತಡೆಯುತ್ತದೆ. ಮೆಡಿಕಲ್‌ನಲ್ಲಿ ಕೇಳಿ ನುಂಗುವ ಮಾತ್ರೆ ಇದಲ್ಲ, ವೈದ್ಯರು ನೋಡಿಯೇ ಕೊಡಬೇಕು.

ನನ್ನನ್ನು ಈಗಲೂ ಕಾಡುವುದು ಅಮ್ಮನ ಮಾತು. "ನಂಗೂ ಹಾಗೇ ಆಗ್ತಿತ್ತು, ನಿನ್ನ ದೊಡ್ಡಮ್ಮನಿಗೂ. ಹೆಂಗಸರು ಅಂದ್ಮೇಲೆ ಅದೆಲ್ಲ ಇದ್ದದ್ದೇ." ಅಮ್ಮ ಸಮಾಧಾನಕ್ಕೆ ಹೇಳಿದ್ದು. ಆದರೆ ಅಲ್ಲೇ ಒಂದು ಸುಳಿವು ಇತ್ತು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕೆಲವು ತೊಂದರೆಗಳು ವಂಶದಲ್ಲಿ ಬರುತ್ತವೆ. ವಾನ್ ವಿಲ್ಲೆಬ್ರಾಂಡ್ ಅನ್ನುವುದು ಅವುಗಳಲ್ಲಿ ಒಂದು. ಇದು ಇರುವವರಿಗೆ ಮೂಗಿನಿಂದ ಪದೇ ಪದೇ ರಕ್ತ ಬರಬಹುದು, ಸ್ವಲ್ಪ ತಾಗಿದರೂ ಮೈ ನೀಲಿಗಟ್ಟಬಹುದು, ಹಲ್ಲು ಕಿತ್ತ ಮೇಲೆ ರಕ್ತ ಬೇಗ ನಿಲ್ಲದೆ ಇರಬಹುದು. ಹುಡುಗಿಯರಲ್ಲಿ ಎಷ್ಟೋ ಸಲ ಮೊದಲು ಕಾಣುವುದು ಮುಟ್ಟಿನಲ್ಲೇ. ಇಂಥ ಮನೆಯಲ್ಲಿ ಅಮ್ಮ, ದೊಡ್ಡಮ್ಮ, ಅಜ್ಜಿ ಎಲ್ಲರಿಗೂ ಹಾಗೆಯೇ ಆಗಿದ್ದರೆ ಅದೇ ಸಹಜ ಅನ್ನಿಸಿಬಿಡುತ್ತದೆ. ಮಗಳಿಗೆ ಕಾಯಿಲೆಯ ಜೊತೆ ಆ ನಂಬಿಕೆಯೂ ಬರುತ್ತದೆ.

ತುಳುನಾಡಿನಲ್ಲಿ ಫೆಬ್ರವರಿ ಹೊತ್ತಿಗೆ ಕೆಡ್ಡಸ ಬರುತ್ತದೆ. ಭೂಮಿ ಮುಟ್ಟಾಗುತ್ತಾಳೆ ಅಂತ ಆ ದಿನಗಳಲ್ಲಿ ಮಣ್ಣು ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ಅವಳ ಸ್ನಾನಕ್ಕೆ ಎಣ್ಣೆ, ಸೀಗೆ, ಅರಶಿನ ಇಡುತ್ತಾರೆ. ಹುರಿದ ಅಕ್ಕಿ, ಹುರುಳಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ನನ್ನೆರಿ ಮಾಡುತ್ತಾರೆ. ಭೂಮಿಗೆ ಇಷ್ಟು ಆರೈಕೆ ಮಾಡುವ ಊರಲ್ಲೇ ಅಂಗಡಿಯವರು ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ನನಗೆ ಇದು ನೋವಿನ ವಿಷಯ.

ಆಸ್ಪತ್ರೆ ಇಲ್ಲ ಅಂತ ನಮ್ಮ ಜಿಲ್ಲೆಗಳಲ್ಲಿ ಹೇಳುವಂತಿಲ್ಲ. ಮಂಗಳೂರಿನ ಪೇಟೆಯ ನಡುವೆಯೇ ಲೇಡಿ ಗೋಷನ್ ಇದೆ, ಹೆಂಗಸರಿಗೆಂದೇ ಇರುವ ಸರಕಾರಿ ಆಸ್ಪತ್ರೆ. ಹದಿಹರೆಯದವರ ಆರೋಗ್ಯಕ್ಕೆಂದು 2014ರಲ್ಲಿ ಕೇಂದ್ರ ಸರಕಾರ ಒಂದು ಕಾರ್ಯಕ್ರಮ ಶುರು ಮಾಡಿದೆ. ಅದರಡಿ ಸರಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. ಅಡ್ಡ ಬರುವುದು ಬೇರೆಯೇ. "ಮದುವೆ ಆಗದ ಹುಡುಗಿ ಹೆರಿಗೆ ಡಾಕ್ಟರ ಹತ್ರ ಹೋದ್ರೆ ನೋಡಿದವರು ಏನಂತಾರೆ?" ನನ್ನ ಮನೆಯಲ್ಲೂ ಇದೇ ಮಾತು ಬಂತು. ಕೊನೆಗೆ ಹೋದ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನ ಮುಖ ನೋಡದೆ ಅಮ್ಮನ ಹತ್ತಿರವೇ ಮಾತಾಡಿ ಕಳಿಸಿದರು.

ಅಲ್ಲಿ ಏನು ಮಾಡುತ್ತಾರೋ ಅನ್ನುವ ಹೆದರಿಕೆಯೂ ಇರುತ್ತದೆ. ಅದಕ್ಕೆ ಬಿಡಿಸಿ ಹೇಳುತ್ತೇನೆ. ಈ ವಯಸ್ಸಿನಲ್ಲಿ ಮೊದಲ ಭೇಟಿ ಅಂದರೆ ಹೆಚ್ಚಾಗಿ ಮಾತು ಮತ್ತು ರಕ್ತಪರೀಕ್ಷೆ. ಬೇಕಾದರೆ ಹೊಟ್ಟೆಯ ಮೇಲಿಂದ ಒಂದು ಸ್ಕ್ಯಾನ್ ಮಾಡುತ್ತಾರೆ. ಅದಕ್ಕೆ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಒಳಗಿನ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನೂ ಬಿಸಾಡಬೇಡಿ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇದೆ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ಹುರುಳಿ ಸಾರಿಗೆ ನಿಂಬೆ ಹಿಂಡಿದರೆ, ನೆಲ್ಲಿಕಾಯಿ ಚಟ್ನಿ ಸೇರಿದರೆ ಜಾಸ್ತಿಯಾಗುತ್ತದೆ. ತೋಟದಲ್ಲಿ ಬೀಜ ಕಿತ್ತು ಎಸೆಯುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಮರುವಾಯಿ ಅನ್ನುವ ಚಿಪ್ಪುಮೀನು ತಿನ್ನುವವರಿಗೆ ಅದರಲ್ಲೇ ಒಳ್ಳೆಯ ಕಬ್ಬಿಣ ಸಿಗುತ್ತದೆ. ಆದರೆ ರಕ್ತಹೀನತೆ ಬಂದಾಗಿದ್ದರೆ ಊಟ ಸಾಲದು. ತಿಂಗಳುಗಟ್ಟಲೆ ಮಾತ್ರೆ ಬೇಕು, ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು.

ನನ್ನ ಅಕ್ಕನ ಮಗಳಿಗೆ ಈಗ 13 ವರ್ಷ. ಅವರ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲಿನ ಲೆಕ್ಕ ಎಲ್ಲ ಬರೆಯುವ ಗೋಡೆ ಕ್ಯಾಲೆಂಡರ್ ಇದೆ. ಮುಟ್ಟಿನ ದಿನಗಳಲ್ಲಿ ಅವಳು ಅದರಲ್ಲೇ ಪ್ಯಾಡ್ ಎಷ್ಟಾಯಿತು ಅಂತ ಬರೆಯುತ್ತಾಳೆ. ಮೂರನೇ ತಿಂಗಳು ಸಾಲಾಗಿ ಒಂಬತ್ತು ದಿನ ಬರೆದಿದ್ದನ್ನು ಅಕ್ಕ ನೋಡಿದಳು. ಆ ವಾರವೇ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಮೊದಲು ಕೇಳಿದ್ದು, "ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್?" ಅಂತ. ಅಕ್ಕ ಬಾಯಿ ತೆರೆಯುವ ಮೊದಲೇ ಅವಳು ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಕ್ಯಾಲೆಂಡರಿನ ಫೋಟೋ ತೋರಿಸಿದಳಂತೆ.