ಹತ್ತಿ ಧೂಳು, ಬ್ಯಾಕ್ಟೀರಿಯಾ ಮತ್ತು ಶ್ವಾಸಕೋಶದ ಕ್ಯಾನ್ಸರ್

"ಸಾಹೇಬ್ರ, ನಮ್ಮ ಅಪ್ಪಾರು ಒಂದ್ ಬೀಡಿನೂ ಸೇದಿಲ್ರಿ. ಹರೇದಾಗಿಂದ ಜಿನ್ನಿಂಗ್ ಮಿಲ್‌ನಾಗ ದುಡದಾರ. ಹತ್ತಿ ಧೂಳಿನಿಂದನ ಕ್ಯಾನ್ಸರ್ ಆತೇನ್ರಿ?" ಹುಬ್ಬಳ್ಳಿಯ ನಮ್ಮ ಓಪಿಡಿಗೆ ಗದಗ, ಹಾವೇರಿ ಕಡೆಯಿಂದ ಬರುವವರು ಹೀಗೆ ಕೇಳುತ್ತಾರೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ.

ಹತ್ತಿ ಧೂಳು ಅಂದರೆ ಬರೀ ನಾರಲ್ಲ. ಗಿಡದ ಎಲೆ, ತೊಟ್ಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾಗಳ ಹೊರಪೊರೆಯ ತುಣುಕುಗಳೂ ಅದರಲ್ಲಿ ಇರುತ್ತವೆ. ಇವೇ ಎಂಡೋಟಾಕ್ಸಿನ್. ಬ್ಯಾಕ್ಟೀರಿಯಾ ಸತ್ತರೂ ಇದರ ಪ್ರಭಾವ ಹೋಗುವುದಿಲ್ಲ. ಇದು ಒಳಗೆ ಬಂದಿದೆ ಎಂದು ಗುರುತಿಸಲು ನಮ್ಮಲ್ಲಿ ಟಿಎಲ್‌ಆರ್4 ಎಂಬ ಜೀನ್ ಇದೆ. 1998ರಲ್ಲಿ ಇದನ್ನು ತೋರಿಸಿಕೊಟ್ಟ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಈ ಜೀನ್ ಮಾಡುವ ಪ್ರೋಟೀನಿಗೆ ಎಂಡೋಟಾಕ್ಸಿನ್ ತಗುಲಿದರೆ, ಕೋಶದೊಳಗೆ ಉರಿಯೂತದ ಜೀನ್‌ಗಳು ಚಾಲೂ ಆಗುತ್ತವೆ. ನಾಲ್ಕು ದಿನ ಉರಿದು ಆರಿದರೆ ಒಳ್ಳೆಯದೇ, ಸೋಂಕು ಹೋಗುತ್ತದೆ. ವರ್ಷಗಟ್ಟಲೆ ಆರದಿದ್ದರೆ? ಕೋಶದ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಕೆರಾಸ್, ಪಿ53 ತರಹದ ಜೀನ್‌ಗಳು ಮೊದಲೇ ಕೆಟ್ಟಿರುವ ಕೋಶಗಳಿಗೆ ಆ ಉರಿಯೂತವೇ ಬೆಳೆಯಲು ಕುಮ್ಮಕ್ಕು ಕೊಡಬಹುದು. ಈ ಎರಡೂ ಜೀನ್ ಕೆಡಿಸಿದ ಇಲಿಗಳ ಮೇಲಿನ ಅಧ್ಯಯನವೊಂದು 2019ರಲ್ಲಿ ಬಂತು. ಬ್ಯಾಕ್ಟೀರಿಯಾವೇ ಇಲ್ಲದ ಹಾಗೆ ಸಾಕಿದ ಇಲಿಗಳಲ್ಲಿ ಶ್ವಾಸಕೋಶದ ಗಡ್ಡೆಗಳು ಅಷ್ಟಾಗಿ ಬೆಳೆಯಲಿಲ್ಲ.

ಹಾಗಾದರೆ ಮಿಲ್ ಕೆಲಸದವರಿಗೆ ಕ್ಯಾನ್ಸರ್ ಜಾಸ್ತಿ ಇರಬೇಕಲ್ವಾ? ಶಾಂಘೈನ ಜವಳಿ ಗಿರಣಿಗಳ ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಉಸಿರಿನ ಜೊತೆ ಎಂಡೋಟಾಕ್ಸಿನ್ ಹೆಚ್ಚು ಒಳಗೆಳೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೇ ಇತ್ತು! ಅದು ರೋಗನಿರೋಧಕ ಕೋಶಗಳನ್ನು ಸದಾ ಎಚ್ಚರವಾಗಿ ಇಟ್ಟಿರಬಹುದು ಎಂಬ ವಿವರಣೆ ಇದೆ. ಎಷ್ಟು, ಎಷ್ಟು ಕಾಲ, ಯಾವ ಕೋಶಕ್ಕೆ ಎಂಬುದರ ಮೇಲೆ ಒಂದೇ ಅಣುವಿನ ಪರಿಣಾಮ ಬದಲಾಗುತ್ತದೆ. ಹಾಗಂತ ಧೂಳು ಒಳ್ಳೆಯದಲ್ಲ. ಭಾನುವಾರದ ರಜೆ ಮುಗಿಸಿ ಸೋಮವಾರ ಮಿಲ್‌ಗೆ ಹೋದ ಕೂಡಲೇ ಎದೆ ಬಿಗಿಯುವ ಬಿಸಿನೋಸಿಸ್ ಇದೇ ಧೂಳಿನ ಕಾಯಿಲೆ. ಮಾಸ್ಕ್ ಬೇಕೇ ಬೇಕು.

ನನಗೆ ಹೆಚ್ಚು ಚಿಂತೆ ಇರುವುದು ಬೇರೆ ಕಡೆ. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡರೆ ಸಾಕು, "ಇನ್ಫೆಕ್ಷನ್" ಎಂದು ಒಂದರ ಮೇಲೊಂದು ಆ್ಯಂಟಿಬಯಾಟಿಕ್ ನಡೆಯುತ್ತದೆ. ಕಫದಲ್ಲಿ ಟಿಬಿ ಸಿಗದಿದ್ದರೂ ಟಿಬಿ ಮಾತ್ರೆ ಶುರುವಾಗುತ್ತದೆ. ಅಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ. ಬ್ಯಾಕ್ಟೀರಿಯಾಕ್ಕೂ ಕ್ಯಾನ್ಸರ್‌ಗೂ ನಂಟಿದೆ ಎಂದ ಮಾತ್ರಕ್ಕೆ ಆ್ಯಂಟಿಬಯಾಟಿಕ್‌ನಿಂದ ಗಡ್ಡೆ ಕರಗುವುದಿಲ್ಲ. ಇಮ್ಯುನೊಥೆರಪಿ (ನಮ್ಮ ರೋಗನಿರೋಧಕ ಕೋಶಗಳೇ ಕ್ಯಾನ್ಸರ್ ಮೇಲೆ ದಾಳಿ ಮಾಡುವಂತೆ ಮಾಡುವ ಚಿಕಿತ್ಸೆ) ಶುರುವಾಗುವ ಹೊತ್ತಿಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡ ರೋಗಿಗಳಲ್ಲಿ ಚಿಕಿತ್ಸೆಯ ಫಲ ಕಡಿಮೆ ಕಂಡ ಅಧ್ಯಯನಗಳೂ ಇವೆ. ಆದ್ದರಿಂದ ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ಮಾತ್ರೆ ತರಬೇಡಿ.

ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದು ಕೆಲವು ವಾರ ಕಳೆದರೂ ಮಚ್ಚೆ ಕರಗಿಲ್ಲವೇ? ಸಿಟಿ ಸ್ಕ್ಯಾನ್ ಮಾಡಿಸಿ, ಅಗತ್ಯವಿದ್ದರೆ ಬಯಾಪ್ಸಿಗೆ, ಅಂದರೆ ಮಚ್ಚೆಯ ಒಂದು ಚೂರು ತೆಗೆದು ಪರೀಕ್ಷಿಸುವುದಕ್ಕೆ, ಒಪ್ಪಿಕೊಳ್ಳಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಮುಂದೂಡಬೇಡಿ. ತೆಗೆದ ಆ ಚೂರಿನಲ್ಲೇ ಇಜಿಎಫ್‌ಆರ್ ಜೀನ್ ಪರೀಕ್ಷೆಯೂ ಆಗಬೇಕು. ಬೀಡಿ, ಸಿಗರೇಟು ಮುಟ್ಟದವರಲ್ಲಿ ಈ ಜೀನ್ ಬದಲಾಗಿರುವುದು ಜಾಸ್ತಿ. ಅದು ಸಿಕ್ಕರೆ ಕಿಮೊಥೆರಪಿಯ ಬದಲು ಮಾತ್ರೆಯಿಂದಲೇ ಚಿಕಿತ್ಸೆ ಶುರು ಮಾಡಲು ಸಾಧ್ಯ.